ನೀರು ಕುಡಿಯುವ ಕಲ್ಲು



ಎಳ್ಳಮಾವಾಸ್ಯೆ ಕಳೆದ ಮೇಲಿನ ಭಾನುವಾರ. ಬೀದರಿನ ಆ ಹೊತ್ತಿನ ಚಳಿ ನಿಮಗೆ ಗೊತ್ತು, ಬಾಯಿ ತೆರೆದರೆ ಹೊಗೆ ಬರುತ್ತದೆ. ಭಾಲ್ಕಿಯ ಗೆಳೆಯ ರೈಲಿನಲ್ಲಿ ಬಂದ. ಔರಾದಿನವನು ಮೊದಲ ಬಸ್ಸಿಗೆ ಹೊರಟು ಬಂದ. ಕಾಲೇಜಿನಲ್ಲಿ ಮೂವರೂ ಒಂದೇ ಬೆಂಚಿನವರು, ಈಗ ಮೂವರ ತಲೆಯೂ ನರೆತಿದೆ. ಚೌಬಾರಾ ಗೋಪುರದ ಹತ್ತಿರ ಚಹಾ ಕುಡಿದು, ಸಜ್ಜೆ ರೊಟ್ಟಿಯ ಬುತ್ತಿ ಹೆಗಲಿಗೇರಿಸಿ ಕೋಟೆಯ ಕಡೆ ಕಾಲು ಹಾಕಿದೆವು. ಇಡೀ ದಿನ ನಡೆಯಬೇಕು, ಕೋಟೆಯ ಅಂಚಿನಲ್ಲಿ ಕೂತು ಉಣ್ಣಬೇಕು ಎಂಬುದಷ್ಟೇ ಲೆಕ್ಕ.

ಬಹಮನಿ ಸುಲ್ತಾನ ಅಹ್ಮದ್ ಶಾಹ್ ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದು, 1430ರ ಆಸುಪಾಸಿನಲ್ಲಿ ಕಟ್ಟಿಸಿದ ಕೋಟೆ ಇದು. ಒಂದು ಬದಿಗೆ ಗುಡ್ಡದ ಕಡಿದಾದ ಅಂಚೇ ಕಾವಲು. ಊರಿನ ಬದಿಗೆ ಅಂಥ ಆಸರೆ ಇಲ್ಲ. ಅದಕ್ಕೇ ಅಲ್ಲಿ ಒಂದರ ಪಕ್ಕ ಒಂದರಂತೆ ಮೂರು ಕಂದಕ ತೋಡಿದರು. ಮಣ್ಣಿನಲ್ಲಿ ತೋಡಿದ್ದಲ್ಲ, ಬಂಡೆಯನ್ನೇ ಕಡಿದದ್ದು. ಕಂದಕಗಳ ನಡುವಿನ ಗೋಡೆಗಳನ್ನೂ ಯಾರೂ ಕಟ್ಟಿಲ್ಲ. ಅವು ಕಡಿಯದೆ ಉಳಿಸಿಕೊಂಡ ಬಂಡೆ.

ಔರಾದಿನ ಗೆಳೆಯ ಆ ಕೆಂಪು ಬಂಡೆಗೆ ಅಂಗೈ ಒತ್ತಿ ನಿಂತುಬಿಟ್ಟ. "ಯಾನ್ ನೋಡ್ಲತ್ತೀ ದೋಸ್ತ?" ಅಂದೆ. "ಇದರಾಗ ತೂತೇ ತೂತು. ಇಂಥಾ ಕಲ್ಲಿನ ಮ್ಯಾಲ ಇಷ್ಟ್ ದೊಡ್ಡ ಕೋಟಿ ಹ್ಯಾಂಗ ನಿಂತದ?" ಅಂದ.

ಭಾಲ್ಕಿಯವನು ಉತ್ತರ ಹೇಳುವ ಬದಲು ಬಾಟಲಿಯ ಮುಚ್ಚಳ ತೆಗೆದ. ಕೋಟೆಗೋಡೆಯ ಕರಿಕಲ್ಲಿನ ಮೇಲೆ ಒಂದಿಷ್ಟು ನೀರು ಸುರಿದ, ಅದು ಸರ್ರನೆ ಜಾರಿ ನೆಲಕ್ಕೆ ಬಿತ್ತು. ಕೆಂಪುಕಲ್ಲಿನ ಮೇಲೆ ಅಷ್ಟೇ ನೀರು ಸುರಿದ. ನಾವು ನೋಡನೋಡುತ್ತಿದ್ದಂತೆ ಕಲ್ಲು ಅದನ್ನು ಕುಡಿದುಬಿಟ್ಟಿತು.

ಈ ಕೆಂಪುಕಲ್ಲಿಗೆ ಕನ್ನಡದಲ್ಲಿ ಜಂಬಿಟ್ಟಿಗೆ ಎನ್ನುತ್ತಾರೆ. ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿ ಕೇರಳದ ಅಂಗಡಿಪುರದಲ್ಲಿ ಇಂಥದೇ ಕಲ್ಲನ್ನು ನೋಡಿ, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಅದನ್ನು ಲ್ಯಾಟರೈಟ್ ಎಂದು ಕರೆದ. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಅಂದರೆ ಇಟ್ಟಿಗೆ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆಯೇ ಕೂತಿದೆ. ನೆಲದೊಳಗೆ ಇರುವ ತನಕ ಈ ಕಲ್ಲು ಮೆತ್ತಗೆ, ಕೊಡಲಿಯಿಂದಲೂ ಕಡಿಯಬಹುದು. ಹೊರಗೆ ಬಂದು ಗಾಳಿ ಬಿಸಿಲು ಕಂಡ ಮೇಲೆ ಗಟ್ಟಿಯಾಗುತ್ತದೆ.

ಇದರ ಹುಟ್ಟು ಇನ್ನೂ ಸೋಜಿಗದ್ದು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನಿನಲ್ಲಿ ಲಾವಾ ಪದರು ಪದರಾಗಿ ಹರಿದು ಕರಿಕಲ್ಲಾಯಿತು. ಆ ಕರಿಕಲ್ಲಿನ ಮೇಲೆ ಯುಗಯುಗಗಳ ಮಳೆ ಬಿಸಿಲು ಬಿದ್ದವು. ಕರಗುವುದೆಲ್ಲ ಕರಗಿ ಹೋಯಿತು, ಕಬ್ಬಿಣದ ಅಂಶ ಉಳಿದು ಕೆಂಪಾಯಿತು, ಕರಗಿ ಹೋದದ್ದರ ಜಾಗ ತೂತಾಯಿತು. ಅದೇ ಕರಿಕಲ್ಲು ತಗ್ಗಿನಲ್ಲಿ ಪುಡಿಯಾಗಿ ಭಾಲ್ಕಿಯ, ಔರಾದಿನ ಎರೆಹೊಲವಾಯಿತು. ಬೀದರಿನ ಕೆಂಪು, ಅವರೂರಿನ ಕಪ್ಪು, ಎರಡೂ ಒಂದೇ ತಾಯಿಯ ಮಕ್ಕಳು.

ಗುಡ್ಡದ ಮೇಲಿನ ಊರಿಗೆ ನೀರು ಎಲ್ಲಿಂದ ಬಂತು ಎಂದು ಹುಡುಕಿದರೂ ಈ ತೂತುಗಳ ಬಳಿಗೇ ಬರುತ್ತೇವೆ. ಬಿದ್ದ ಮಳೆಯನ್ನು ಕೆಂಪುಕಲ್ಲು ಒಳಗೆ ಇಳಿಸಿಕೊಳ್ಳುತ್ತದೆ. ಕೆಳಗಿನ ಜೇಡಿಮಣ್ಣು, ಕರಿಕಲ್ಲು ತಡೆದಾಗ ನೀರು ಅಡ್ಡಕ್ಕೆ ಹರಿದು ಗುಡ್ಡದ ಅಂಚಿನಲ್ಲಿ ಝರಿಯಾಗುತ್ತದೆ. ನರಸಿಂಹ ಝರಣಿಯಲ್ಲಿ ಭಕ್ತರು ಎದೆಮಟ್ಟದ ನೀರಲ್ಲಿ ಗುಹೆಯುದ್ದ ನಡೆದು ಸ್ವಾಮಿಯ ದರ್ಶನ ಮಾಡಿದ್ದು ಈ ಕಲ್ಲಿನೊಳಗೇ. ಗುರು ನಾನಕರ ಪಾದ ತಾಗಿ ಸಿಹಿನೀರು ಚಿಮ್ಮಿತು ಎಂದು ಸಿಖ್ಖರು ನಂಬಿದ ನಾನಕ್ ಝೀರಾ ಹುಟ್ಟುವುದೂ ಈ ಕಲ್ಲಿನಲ್ಲೇ. ಬಹಮನಿಗಳ ಕಾಲದ ಜನ ಪರ್ಶಿಯಾದ ವಿದ್ಯೆ ಕಲಿತು, ನೌಬಾದಿನಲ್ಲಿ ನೆಲದಡಿ ಸುಮಾರು 3 ಕಿಲೋಮೀಟರ್ ಉದ್ದದ ಕರೇಜ್ ಕಾಲುವೆ ಕೊರೆದು ಸುರಂಗ ಬಾವಿಗಳ ಸಾಲು ತೆಗೆದದ್ದೂ ಇದರಲ್ಲೇ. ನೀರಡಿಸಿ ಬಂದವರು ಯಾರು, ಯಾವ ದೇವರ ಹೆಸರು ಹೇಳುತ್ತಾರೆ ಎಂದು ಈ ಕಲ್ಲು ಕೇಳಿಲ್ಲ.

ಹೀಗೆ ಮಾತಾಡುತ್ತ ಕೋಟೆಯ ಅಂಚಿಗೆ ಬಂದು ಬುತ್ತಿ ಬಿಚ್ಚಿದೆವು. ಕೆಳಗೆ ಮಾಂಜ್ರಾ ಬಯಲು ಮಂಜಿನಲ್ಲಿ ಮಸುಕಾಗಿ ಹರಡಿತ್ತು. ಔರಾದಿನವನು ರೊಟ್ಟಿ ಮುರಿದು ಕೈಯಲ್ಲೇ ಹಿಡಿದು ಕೂತ. ಸ್ವಲ್ಪ ಹೊತ್ತಿನ ಮೇಲೆ ಅಂದ: "ಆ ಕಂದಕ ನೋಡಿದ್ವಲಾ, ನಮ್ಮನ್ಯಾಗೂ ಹಂಗೇ ಅಗದೀವಿ. ಅಣ್ಣಾ, ನಾ, ಇಬ್ರೂ."

ಹೊಲ ಪಾಲಾಗಿದೆ. ನಡುವಿನ ಒಡ್ಡು ಎಲ್ಲಿ ಬರಬೇಕು ಎಂಬುದಕ್ಕೆ ಜಗಳ. ಎರಡು ಮಾರು ನೆಲಕ್ಕಾಗಿ ಎಂಟು ತಿಂಗಳಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಈ ಸಲದ ಎಳ್ಳಮಾವಾಸ್ಯೆಗೆ ಒಂದೇ ಹೊಲದಲ್ಲಿ ಎರಡು ಕೊಂಪೆ ಹಾಕಿ, ಎರಡು ಪೂಜೆ ಮಾಡಿ, ಒಂದೇ ತಾಯಿ ಮಾಡಿಕೊಟ್ಟ ಭಜ್ಜಿಯನ್ನು ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತು ಉಂಡಿದ್ದಾರೆ.

ನನ್ನ ನಾಲಿಗೆಯ ತುದಿಗೆ ಬುದ್ಧಿಮಾತು ಬಂದಿತ್ತು. ಸರ್ವೇ ಮಾಡಿಸು ಅನ್ನಬೇಕು, ಅಣ್ಣನ ಕಾಲಿಗೆ ಬೀಳು ಅನ್ನಬೇಕು, ನಾನೂ ಇಂಥದೇ ಕಂಡಿದ್ದೇನೆ ಎಂದು ನನ್ನ ಕತೆ ಶುರು ಮಾಡಬೇಕು. ಅಷ್ಟರಲ್ಲಿ ಭಾಲ್ಕಿಯವನು ನನ್ನ ಮೊಣಕಾಲಿನ ಮೇಲೆ ಮೆತ್ತಗೆ ಕೈಯಿಟ್ಟ. ನಾನು ಸುಮ್ಮನಾದೆ. ಗೆಳೆಯ ಮಾತಾಡಿದ, ನಡುವೆ ನಿಲ್ಲಿಸಿದ, ಕಣ್ಣೊರೆಸಿಕೊಂಡು ಮತ್ತೆ ಮಾತಾಡಿದ. ನಾವಿಬ್ಬರೂ ಕೇಳಿದೆವು, ಅಷ್ಟೇ. ಬಿಸಿಲು ಏರಿ ಮಂಜು ಕರಗುವ ತನಕ ಕೇಳಿದೆವು.

ಬಂಧುಗಳೇ, ನಮ್ಮಲ್ಲಿ ಹಲವರು ಕರಿಕಲ್ಲಿನ ಹಾಗೆ ಕೇಳುತ್ತೇವೆ. ಇನ್ನೊಬ್ಬರ ದುಃಖ ನಮ್ಮ ಮೇಲೆ ಬಿದ್ದ ಕೂಡಲೇ ಒಂದು ಸಲಹೆಯಾಗಿ, ಒಂದು ಸಮಾಧಾನವಾಗಿ ಜಾರಿ ಹೋಗುತ್ತದೆ. ಒಳಗೆ ಇಳಿಯಲು ಅದಕ್ಕೆ ದಾರಿಯೇ ಇಲ್ಲ. ಕೆಂಪುಕಲ್ಲಿಗೆ ಆ ದಾರಿ ಸುಮ್ಮನೆ ಬಂದದ್ದಲ್ಲ. ತನ್ನದೇ ಎಷ್ಟೋ ಕರಗಿ ಹೋದ ಮೇಲೆ ಬಂದದ್ದು. ನಮಗೂ ವಯಸ್ಸಾಗುತ್ತ ಹಲವು ಕರಗಿ ಹೋಗಿವೆ: ಹೆತ್ತವರು, ಕೆಲವು ಆಸೆ, ಒಂದಿಷ್ಟು ಹಮ್ಮು. ಆ ಜಾಗಗಳನ್ನು ಮುಚ್ಚಲು ಅವಸರ ಮಾಡುವುದು ಬೇಡ. ಗೆಳೆಯನ ಮಾತು ಬಂದು ನಿಲ್ಲುವುದು ಅಲ್ಲಿಯೇ. ಜೊತೆಗೆ ನಡೆಯುವುದರಲ್ಲೂ ಒಂದು ಗುಣವಿದೆ. ಎದುರುಬದುರು ಕೂತರೆ ಬಾರದ ಮಾತು, ಒಂದೇ ದಾರಿ ನೋಡುತ್ತ ನಡೆದಾಗ ತಾನಾಗಿ ಬರುತ್ತದೆ. ಈ ವಾರ ಒಂದು ಮುಂಜಾನೆ ಬಿಡುವು ಮಾಡಿಕೊಂಡು, ಬಹಳ ದಿನದಿಂದ ಸುಮ್ಮನಿರುವ ನಿಮ್ಮ ಗೆಳೆಯನನ್ನೋ ಗೆಳತಿಯನ್ನೋ ಕರೆಯಿರಿ. ಕೋಟೆಯೇ ಆಗಬೇಕಿಲ್ಲ, ಕೆರೆಯ ಏರಿಯಾದರೂ ಸಾಕು.

ಆ ಮಧ್ಯಾಹ್ನ ನಾವು ಊರಿನ ಇನ್ನೊಂದು ಬದಿಗಿರುವ ನಾನಕ್ ಝೀರಾಕ್ಕೆ ಹೋದೆವು. ತಲೆಗೆ ವಸ್ತ್ರ ಕಟ್ಟಿಕೊಂಡು, ಬೊಗಸೆಯೊಡ್ಡಿ ನೀರು ಕುಡಿದೆವು. ಯಾವ ಮಳೆಗಾಲದಲ್ಲಿ ಬಿದ್ದ ನೀರೋ, ಕಲ್ಲಿನ ಕತ್ತಲಲ್ಲಿ ಎಷ್ಟು ದಿನ ನಡೆದು ಬಂದಿತ್ತೋ, ತಣ್ಣಗೆ ಸಿಹಿಯಾಗಿತ್ತು. ಹೊರಡುವಾಗ ತಿರುಗಿ ನೋಡಿದರೆ ಔರಾದಿನವನು ಇನ್ನೂ ಅಲ್ಲೇ ಬಗ್ಗಿ ನಿಂತು ತನ್ನ ಬಾಟಲಿ ತುಂಬಿಸುತ್ತಿದ್ದ.

"ಬಸ್ಸಿನಾಗ ಕುಡ್ಯಾಕೇನು?" ಅಂದೆ.

"ಇಲ್ಲ," ಅಂದ, "ಅಣ್ಣಗ ಒಯ್ಲತ್ತೀನಿ."