ಕಾಶಿಯ ಹೆಂಗಸರ ಬರವಣಿಗೆ



ಸ್ತ್ರೀವಾದಿ ಬರಹದ ಚರಿತ್ರೆಯನ್ನು 1792ರ ಮೇರಿ ವೋಲ್‌ಸ್ಟನ್‌ಕ್ರಾಫ್ಟ್ ಅವರ ಪುಸ್ತಕದಿಂದ ಶುರು ಮಾಡುವುದು ವಾಡಿಕೆ. ಕಾಶಿಯಲ್ಲಿ ಕೂತ ನಾವು ಅಷ್ಟು ದೂರ ಹೋಗಬೇಕಿಲ್ಲ. ಪಾಲಿಯ ‘ಥೇರೀಗಾಥೆ’ಯಲ್ಲಿ ಅಡ್ಢಕಾಸಿ ಎಂಬ ಭಿಕ್ಖುನಿಯ ಪದ್ಯಗಳಿವೆ. ಮೊದಲು ಆಕೆ ಗಣಿಕೆ. ತನ್ನ ಬೆಲೆ ಇಡೀ ಕಾಶಿ ಜನಪದದ ಸುಂಕದಷ್ಟಿತ್ತು, ಪಟ್ಟಣದವರು ಅದನ್ನು ಅರ್ಧಕ್ಕೆ ಇಳಿಸಿದರು ಎಂದು ಲೆಕ್ಕ ಒಪ್ಪಿಸುವ ಹಾಗೆ ಹೇಳುತ್ತಾಳೆ. ಆಮೇಲೆ ತನ್ನ ರೂಪವೇ ಬೇಸರವಾಯಿತಂತೆ. ದೀಕ್ಷೆಗೆಂದು ಶ್ರಾವಸ್ತಿಗೆ ಹೊರಟರೆ ದಾರಿಯಲ್ಲಿ ಪುಂಡರು ಕಾದಿದ್ದರು. ಆಕೆಯ ಪರವಾಗಿ ದೂತೆ ಹೋಗಿ ದೀಕ್ಷೆ ಕೇಳಬಹುದೆಂದು ಬುದ್ಧ ಒಪ್ಪಿದ. ಒಬ್ಬ ಹೆಂಗಸಿಗೆ ದಾರಿ ಕಟ್ಟಿದ್ದಕ್ಕೆ ಸಂಘದ ನಿಯಮವೇ ಬದಲಾಯಿತು.

ಈಗ ಹೊಸ ಕಾಲಕ್ಕೆ ಬರೋಣ. ಕರ್ನಾಟಕದಿಂದ ಬಂದವರಿಗೆಲ್ಲ ಇಲ್ಲಿನ ಜಂಗಮವಾಡಿ ಮಠ ಗೊತ್ತು, ಗೋದೌಲಿಯಾದ ನೂಕುನುಗ್ಗಲೂ ಗೊತ್ತು. 1907ರಲ್ಲಿ ‘ಸರಸ್ವತಿ’ ಪತ್ರಿಕೆಯಲ್ಲಿ ಬಂದ ‘ದುಲಾಈವಾಲೀ’ ಕತೆ ಅಲ್ಲೇ ಶುರುವಾಗುತ್ತದೆ. ದಶಾಶ್ವಮೇಧದಲ್ಲಿ ಮಿಂದವನೊಬ್ಬ ಗೋದೌಲಿಯಾ ಕಡೆ ಅವಸರದಲ್ಲಿ ಬರುತ್ತಿದ್ದಾನೆ. ಮುಂದೆ ರೈಲು, ಸ್ವದೇಶಿಯ ಮಾತು, ಹೆಣ್ಣುವೇಷ ಹಾಕಿ ಗೆಳೆಯನನ್ನೇ ಏಮಾರಿಸುವ ತಮಾಷೆ. ಹಿಂದಿಯ ಮೊದಲ ಸಣ್ಣಕತೆಗಳ ಸಾಲಿನಲ್ಲಿ ಇದನ್ನೂ ಎಣಿಸುತ್ತಾರೆ. ಬರೆದವರು ಇದೇ ಊರಿನಲ್ಲಿ ಹುಟ್ಟಿದ ರಾಜೇಂದ್ರಬಾಲಾ ಘೋಷ್. ಕತೆಯ ಕೆಳಗಿದ್ದ ಹೆಸರು ಮಾತ್ರ ‘ಬಂಗ ಮಹಿಳಾ’, ಅಂದರೆ ಯಾರೋ ಒಬ್ಬ ಬಂಗಾಳಿ ಹೆಂಗಸು! ನಮ್ಮ ಕೊಡಗಿನ ಗೌರಮ್ಮನವರೂ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದೇ ಬರೆದವರು. ನಂಜನಗೂಡು ತಿರುಮಲಾಂಬ ಅವರ ಗಟ್ಟಿತನ ಬೇರೆ ಬಗೆಯದು: ಬಾಲವಿಧವೆಯಾದ ಆಕೆ ತಮ್ಮದೇ ಗ್ರಂಥಮಾಲೆ ತೆರೆದು, ಪತ್ರಿಕೆ ನಡೆಸಿ, ಸ್ವಂತ ಹೆಸರಿನಲ್ಲೇ ನಿಂತರು.

ಶಿವರಾಣಿ ದೇವಿಯವರ ಕಷ್ಟ ಇನ್ನೊಂದು ತರಹದ್ದು. ಅವರೂ ಬಾಲವಿಧವೆ, 1906ರಲ್ಲಿ ಹಿಂದಿಯ ಕತೆಗಾರ ಪ್ರೇಮಚಂದರನ್ನು ಮದುವೆಯಾದರು. 1930ರಲ್ಲಿ ಸ್ವಾತಂತ್ರ್ಯ ಚಳವಳಿಯ ಪಿಕೆಟಿಂಗ್ ಮಾಡಿ ಜೈಲಿಗೆ ಹೋದರು. ಕತೆ ಬರೆದರೆ ಜನ ಗಂಡನೇ ಬರೆದುಕೊಟ್ಟಿರಬೇಕು ಎಂದರು. 1944ರಲ್ಲಿ ಬಂದ ಅವರ ‘ಪ್ರೇಮಚಂದ್ ಘರ್ ಮೇಂ’ ಗಂಡನ ಗುಣಗಾನವಲ್ಲ. ಮನೆಯೊಳಗಿನ ವಾದ, ಮುನಿಸು, ಹಟ ಎಲ್ಲ ಅದರಲ್ಲಿದೆ. ಮಹಾಲೇಖಕನಿಗೆ ಎದುರು ಮಾತಾಡುವ ಹೆಂಡತಿ ಅಲ್ಲಿ ಕಾಣುತ್ತಾಳೆ. ನನ್ನ ಲೆಕ್ಕದಲ್ಲಿ ಪ್ರೇಮಚಂದರ ಬಗ್ಗೆ ಅದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ. ಆದರೂ ಅದನ್ನು ಓದುವವರು ಹುಡುಕುವುದು ಪ್ರೇಮಚಂದರನ್ನೇ, ಶಿವರಾಣಿಯವರನ್ನಲ್ಲ.

ನಾಳೆ ನಿಮ್ಮಲ್ಲಿ ಕೆಲವರು ಲಮಹಿಗೆ ಪ್ರೇಮಚಂದರ ಮನೆ ನೋಡಲು ಹೋಗುತ್ತೀರಿ. ವಾಪಸು ಬರುವಾಗ ಪುಸ್ತಕದಂಗಡಿಯಲ್ಲಿ ಶಿವರಾಣಿಯವರ ಕತೆಗಳಿವೆಯೇ ಎಂದು ಕೇಳಿ. ಕನ್ನಡಕ್ಕೆ ತರುವ ಮನಸ್ಸಿದ್ದವರು ದಯವಿಟ್ಟು ಅಲ್ಲಿಂದಲೇ ಶುರು ಮಾಡಿ.