ತಾವೇ ಕಟ್ಟಿಕೊಂಡ ವೇದಿಕೆ



ಸಂಗೀತಕ್ಕೆ ಶ್ರುತಿ ಲಯಗಳ ಕಟ್ಟುಪಾಡು ಉಂಟೆಂಬುದು ಎಲ್ಲರಿಗೂ ತಿಳಿದ ಮಾತು. ಯಾರು ಹಾಡಬೇಕು, ಎಲ್ಲಿ ಕುಳಿತು ಹಾಡಬೇಕು ಎಂಬ ಇನ್ನೊಂದು ಕಟ್ಟುಪಾಡೂ ಇದೆ. ಯಾವ ಲಕ್ಷಣಗ್ರಂಥವೂ ಅದನ್ನು ಹೇಳುವುದಿಲ್ಲ. ಮೀರಹೊರಟವರಿಗೆ ಮಾತ್ರ ಅದರ ಬಿಗಿ ಅರಿವಾಗುತ್ತದೆ.

ಬೆಂಗಳೂರು ನಾಗರತ್ನಮ್ಮನವರು 1878ರಲ್ಲಿ ನಂಜನಗೂಡಿನಲ್ಲಿ, ದೇವದಾಸಿ ಮನೆತನದಲ್ಲಿ ಹುಟ್ಟಿದರು. ಮೈಸೂರಿನಲ್ಲಿ ಸಂಸ್ಕೃತವನ್ನೂ, ನಮ್ಮ ಈ ಊರಿನಲ್ಲಿ ತ್ಯಾಗರಾಜರ ಶಿಷ್ಯಪರಂಪರೆಯ ಮುನಿಸ್ವಾಮಪ್ಪನವರಿಂದ ಸಂಗೀತವನ್ನೂ ಕಲಿತರು. ಮದರಾಸಿನಲ್ಲಿ ನೆಲೆಸಿದ ಮೇಲೂ ಊರು ಅವರ ಹೆಸರನ್ನು ಬಿಡಲಿಲ್ಲ. ಹದಿನೆಂಟನೆಯ ಶತಮಾನದ ಕವಯಿತ್ರಿ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನ’ವನ್ನು ಅವರು 1910ರಲ್ಲಿ ಪರಿಷ್ಕರಿಸಿ ಪ್ರಕಟಿಸಿದರು. ಹೆಣ್ಣೊಬ್ಬಳು ಇಷ್ಟು ಬಿಚ್ಚುಮನಸ್ಸಿನ ಶೃಂಗಾರ ಬರೆಯಬಹುದೇ ಎಂದು ಕಂದುಕೂರಿ ವೀರೇಶಲಿಂಗಂ ಅವರಂಥ ಸುಧಾರಕರೇ ಆಕ್ಷೇಪಿಸಿದ್ದರು. ಲಜ್ಜೆ ಹೆಂಗಸಿಗೆ ಮಾತ್ರ ಸಹಜವೇ, ಗಂಡಸಿಗೆ ಬೇಡವೇ ಎಂಬುದು ನಾಗರತ್ನಮ್ಮನವರ ಮರುಪ್ರಶ್ನೆ. ಸರ್ಕಾರ ಆ ಪುಸ್ತಕವನ್ನು ನಿಷೇಧಿಸಿತು.

ಮುಂದೆ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ತಮ್ಮ ಗಳಿಕೆಯ ಹಣದಿಂದ ಗುಡಿ ಕಟ್ಟಿಸಿದರು, 1920ರ ದಶಕದ ಮಧ್ಯದಲ್ಲಿ ಪ್ರತಿಷ್ಠೆಯಾಯಿತು. ಆದರೆ ಆರಾಧನೆಯಲ್ಲಿ ಹೆಂಗಸರಿಗೆ ಹಾಡುವ ಅವಕಾಶವಿರಲಿಲ್ಲ. ಗುಡಿ ಕಟ್ಟಿದವರು ಗುಡಿಯ ಮುಂದೆ ಮೂಕರಾಗಿರಬೇಕು! ಅವರು ಗೋಗರೆಯುತ್ತ ಕೂರಲಿಲ್ಲ. 1927ರಲ್ಲಿ ಹೆಂಗಸರದೇ ಪಕ್ಷ ಕಟ್ಟಿ ಪ್ರತ್ಯೇಕ ಆರಾಧನೆ ನಡೆಸಿದರು. 1940ರ ದಶಕದ ಆರಂಭದಲ್ಲಿ ಪಕ್ಷಗಳೆಲ್ಲ ಒಂದಾದಾಗ ಸ್ತ್ರೀಯರಿಗೂ ಅಲ್ಲಿ ಸ್ಥಾನ ದೊರೆಯಿತು.

ಇನ್ನು ದೂರದ ಲಂಡನ್ನಿಗೆ ಹೋಗೋಣ. 1976ರ ಸುಮಾರಿಗೆ ಅಲ್ಲಿ ಪಂಕ್ ಎಂಬ ಒರಟು, ರಭಸದ ರಾಕ್ ಸಂಗೀತ ತಲೆಯೆತ್ತಿತು. ಆ ವರ್ಷವೇ ‘ದಿ ಸ್ಲಿಟ್ಸ್’ ಎಂಬ ಹುಡುಗಿಯರ ತಂಡ ಹುಟ್ಟಿತು. ಗಾಯಕಿ ಆರಿ ಅಪ್‌ಗೆ ಆಗ ಹದಿನಾಲ್ಕು ವರ್ಷ. ಮುಂದೆ ತಂಡ ಸೇರಿದ ವಿವ್ ಆಲ್ಬರ್ಟೈನ್ ತಮ್ಮ ಅಜ್ಜಿ ಬಿಟ್ಟುಹೋದ ಹಣದಲ್ಲಿ ಗಿಟಾರ್ ಕೊಂಡು ಕಲಿತವರು. 1979ರಲ್ಲಿ ಅವರ ಮೊದಲ ಧ್ವನಿಮುದ್ರಿಕೆ ‘ಕಟ್’ ಹೊರಬಂತು.

ಇವರಿಗೂ ನಾಗರತ್ನಮ್ಮನವರಿಗೂ ಎತ್ತಣ ಸಂಬಂಧ ಎಂದು ನೀವು ಕೇಳಬಹುದು. ಸಂಗೀತದಲ್ಲಿ ಯಾವ ಹೋಲಿಕೆಯೂ ಇಲ್ಲ. ಲಂಡನ್ನಿನ ಹುಡುಗಿಯರಿಗೆ ಬಂದ ಮೂದಲಿಕೆ, ‘ನಿಮಗೆ ನುಡಿಸಲು ಬಾರದು’ ಎಂಬುದು. ನಾಗರತ್ನಮ್ಮನವರಿಗೆ ಹಾಗೆನ್ನುವ ಧೈರ್ಯ ಯಾರಿಗಿತ್ತು? ಅವರ ವಿದ್ವತ್ತು ನಿರ್ವಿವಾದ. ಆದರೂ ಬಾಗಿಲು ಮುಚ್ಚಿಯೇ ಇತ್ತು. ವಿದ್ಯೆ ಇಲ್ಲದವರಿಗೆ ವಿದ್ಯೆಯ ನೆಪ, ಇದ್ದವರಿಗೆ ಕುಲಶೀಲಗಳ ನೆಪ. ಅಗುಳಿ ಮಾತ್ರ ಒಂದೇ.

ಇದು ಮುಗಿದ ಕಥೆಯೂ ಅಲ್ಲ. ಮದುವೆಯಾಗಿ ಬೆಂಗಳೂರಿಗೆ ಬಂದ ವಿದುಷಿ ಸುಕನ್ಯಾ ರಾಂಗೋಪಾಲ್ ಘಟವಾದ್ಯವನ್ನು ಕೈಗೆತ್ತಿಕೊಂಡವರು. ಹೆಣ್ಣು ಘಟ ನುಡಿಸುವ ಕಛೇರಿಯಲ್ಲಿ ಮೃದಂಗ ನುಡಿಸಲಾರೆವೆಂದ ವಿದ್ವಾಂಸರಿದ್ದರು. ಅವರು ಹಲವು ಶ್ರುತಿಯ ಘಟಗಳನ್ನು ಜೋಡಿಸಿ ಘಟತರಂಗವನ್ನು ರೂಪಿಸಿದರು. ‘ಸ್ತ್ರೀ ತಾಳ ತರಂಗ’ವೆಂಬ ಮಹಿಳೆಯರದೇ ವಾದ್ಯವೃಂದವನ್ನು ಕಟ್ಟಿದರು.

ಕುಮಾರ ಪಾರ್ಕಿನ ನಮ್ಮಂಥವರು ಸಂಜೆ ಮಲ್ಲೇಶ್ವರಕ್ಕೋ ಚಾಮರಾಜಪೇಟೆಗೋ ಕಛೇರಿ ಕೇಳಲು ಹೋಗುತ್ತೇವೆ. ಹಾಡುವ ಹೆಣ್ಣುಮಗಳಿಗೆ ಚಪ್ಪಾಳೆ ತಟ್ಟುತ್ತೇವೆ. ಪಕ್ಕದಲ್ಲಿ ಮೃದಂಗ, ಘಟಗಳನ್ನು ಹಿಡಿದು ಎಷ್ಟು ಮಂದಿ ಹೆಂಗಸರು ಕುಳಿತಿದ್ದಾರೆಂದು ಒಮ್ಮೆ ಎಣಿಸಿ ನೋಡೋಣ. ನಾಗರತ್ನಮ್ಮನವರಿಗೆ ನಾವಿನ್ನೂ ತೀರಿಸಬೇಕಾದ ಋಣದ ಲೆಕ್ಕ ಅಲ್ಲಿ ಸಿಗುತ್ತದೆ.