ಬಡ ಗೃಹಿಣಿಯ ಲೆಕ್ಕಪತ್ರ



ಬಡ ಹೆಂಗಸರಿಗೆ ಹಣದ ಲೆಕ್ಕ ತಿಳಿಯದು, ಕೈಗೆ ಬಂದುದನ್ನು ಅಂದೇ ವೆಚ್ಚಮಾಡುವರು ಎಂಬ ಮಾತು ಪಟ್ಟಣವಾಸಿಗಳಲ್ಲಿ ವಾಡಿಕೆಯಾಗಿದೆ. ಅರ್ಥಶಾಸ್ತ್ರವನ್ನು ಬೋಧಿಸುವ ನಾವೂ ಹಾಗೆಯೇ ನಂಬಿದ್ದೆವು. ಒಮ್ಮೆ ಮನೆಗೆಲಸದಾಕೆ ಮುಂಗಡ ಬೇಡಿದಾಗ ಮಿತವ್ಯಯವನ್ನು ಕುರಿತು ದೀರ್ಘವಾಗಿ ಉಪದೇಶಿಸಿದೆವು. ಆಕೆ ಸಾವಧಾನವಾಗಿ ಕೇಳಿ, “ಉಳಸಬೇಕಂದ್ರ ಮೊದಲ ಉಳೀಬೇಕಲ್ಲರಿ” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಬೀದರ ಜಿಲ್ಲೆಯ ಡಾಬಕಾ ಸೀಮೆಯನ್ನು ನೋಡಿರಿ. ಮಳೆಯನ್ನು ನಂಬಿದ ನೆಲ. ಹೆಸರು, ಉದ್ದು, ಸೋಯಾ, ತೊಗರಿಗಳ ಬಿತ್ತನೆ, ಕಳೆ, ಕೊಯ್ಲುಗಳ ದಿನಗಳಲ್ಲಿ ಕೂಲಿಯುಂಟು. ಬೇಸಗೆಯಲ್ಲಿ ಅದು ಬತ್ತುತ್ತದೆ. ಹಸಿವಿಗೆ ಮಾತ್ರ ಬಿಡುವಿಲ್ಲ. ಆಗ ಗೃಹಿಣಿಯು ಮೊದಲು ತನ್ನ ತುತ್ತನ್ನೇ ಕಿರಿದುಮಾಡುವಳು. ಬಳಿಕ ನೆರೆಯಲ್ಲಿ ಕೈಗಡ ತರುವಳು. ಕಡೆಗೆ ಸಾಹುಕಾರನ ಬಾಗಿಲು. ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿಯೆಂದರೆ ವರ್ಷಕ್ಕೆ 60 ರೂಪಾಯಿ!

ಇದಕ್ಕೆ ಹೆಂಗಸರೇ ಕಂಡುಕೊಂಡ ಪ್ರತ್ಯುಪಾಯವು ಭಿಶಿ. ಹನ್ನೆರಡು ಮಂದಿ ತಿಂಗಳಿಗೆ ನೂರರಂತೆ ಕೂಡಿಸಿದರೆ 1,200 ರೂಪಾಯಿ. ಚೀಟಿಯೆತ್ತಿ ಪ್ರತಿ ತಿಂಗಳೂ ಒಬ್ಬಳಿಗೆ ಕೊಡುವರು. ಬಡ್ಡಿಯಿಲ್ಲ, ಬರಹವಿಲ್ಲ, ಮಾತೇ ಜಾಮೀನು. ಆದರೆ ಕಾಯಿಲೆಯು ಚೀಟಿಯ ಸರದಿಯನ್ನು ಕಾಯುವುದಿಲ್ಲ. ಈ ಕೊರತೆಯನ್ನು ಸ್ವಸಹಾಯ ಸಂಘಗಳು ತುಂಬಿದವು. ಕೂಡಿಟ್ಟ ಹಣವನ್ನು ಅಗತ್ಯವುಳ್ಳವಳಿಗೆ ಸಾಲಕೊಡುವರು. ಬಡ್ಡಿಯು ಸಂಘದಲ್ಲಿಯೇ ಉಳಿಯುವುದು. 1992ರಲ್ಲಿ ನಬಾರ್ಡ್ ಇಂತಹ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸತೊಡಗಿತು. ಮುಂದೆ ಗುರುಪಾದಪ್ಪ ನಾಗಮಾರಪಳ್ಳಿಯವರು ಅಧ್ಯಕ್ಷರಾಗಿದ್ದ ಕಾಲದಲ್ಲಿ ಬೀದರದ ಜಿಲ್ಲಾ ಸಹಕಾರಿ ಬ್ಯಾಂಕು ಈ ಕಾರ್ಯದಲ್ಲಿ ದೇಶಕ್ಕೇ ಮಾದರಿಯೆನಿಸಿತು.

ಸಾಲವು ಸುಲಭವಾದ ಮಾತ್ರಕ್ಕೆ ಕಷ್ಟವು ತೀರುವುದೆನ್ನಲಾಗದು. ಒಂದು ಕಂಪನಿಯ ವಾರದ ಕಂತಿಗಾಗಿ ಇನ್ನೊಂದರಲ್ಲಿ ಸಾಲಮಾಡಿದವರು ಹಲವರು. ವಸೂಲಿಗಾರರ ಕಿರುಕುಳವನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿಯ ಮಹತ್ವವು ಇಲ್ಲಿ ತಿಳಿಯುವುದು: ಅದು ತೀರಿಸಬೇಕಾದ ಹಣವಲ್ಲ.

ಹಾಗಾದರೆ ನಮ್ಮ ಕರ್ತವ್ಯವೇನು? ನಮ್ಮ ಮನೆಗಳಲ್ಲಿ ದುಡಿಯುವವಳ ಸಂಬಳವನ್ನು ಹೇಳಿದ ದಿನವೇ ಕೊಡುವುದು. ರೋಗದಲ್ಲಿ ರಜೆಯ ಸಂಬಳವನ್ನು ಮುರಿಯದಿರುವುದು. ಮುಂಗಡ ಕೇಳಿದರೆ ಉಪದೇಶವನ್ನು ಬಿಟ್ಟು ಹಣವನ್ನು ಕೊಡುವುದು. ನಾವು ಅಂದು ಕೊಟ್ಟ ಮುಂಗಡವನ್ನು ಆಕೆ ನಾಲ್ಕು ತಿಂಗಳಲ್ಲಿ ತೀರಿಸಿದಳು. ಲೆಕ್ಕವನ್ನು ನಾವು ಮರೆತಿದ್ದೆವು, ಆಕೆ ಮರೆತಿರಲಿಲ್ಲ.